ಮೌನದ ಮೇಜು

ಮನೆಯಿಂದ ಹೊರಟವರು ಮರಳಿ ಬಾರದಿದ್ದರೆ ನಮ್ಮನ್ನು ಹೆಚ್ಚು ಕಾಡುವುದು ಯಾವುದು? ಗೋಡೆಯ ಮೇಲಿನ ಭಾವಚಿತ್ರಕ್ಕಿಂತ ಅವರು ಕೂರುತ್ತಿದ್ದ ಖಾಲಿ ಜಾಗವೇ ಅಲ್ಲವೇ? ಆದರೆ ಯುದ್ಧದಲ್ಲಿ ಮಡಿದವರಿಗೆ ಸ್ಮಾರಕ ಕಟ್ಟುವಾಗ ನಾವು ಇದನ್ನು ಮರೆತುಬಿಡುತ್ತೇವೆ. ಕತ್ತಿ, ಕುದುರೆ, ಫಿರಂಗಿಗಳೇ ನಮಗೆ ನೆನಪಾಗುತ್ತವೆ.

ರುಮೇನಿಯಾದ ತರ್ಗು ಜಿಯು ಎಂಬ ಸಣ್ಣ ಪಟ್ಟಣದ ಸ್ಮಾರಕದಲ್ಲಿ ಕತ್ತಿಯೂ ಇಲ್ಲ, ಕುದುರೆಯೂ ಇಲ್ಲ. 1916ರಲ್ಲಿ, ಮೊದಲ ಮಹಾಯುದ್ಧದ ಕಾಲದಲ್ಲಿ, ಜರ್ಮನ್ ಸೇನೆ ಈ ಪಟ್ಟಣದ ಅಂಚಿಗೆ ಬಂದಾಗ ಸೈನಿಕರ ಜೊತೆ ಸಾಮಾನ್ಯ ನಾಗರಿಕರೂ ಜಿಯು ನದಿಯ ದಡದಲ್ಲಿ ಎದುರಿಸಿದರು. ಮಡಿದವರನ್ನು ನೆನೆಯಬೇಕೆಂದು ಮುಂದೆ ಬಂದದ್ದು ಆ ಜಿಲ್ಲೆಯ ಮಹಿಳಾ ಸಂಘ. ಅರೆತಿಯಾ ತಾತಾರೆಸ್ಕು ಅದರ ನೇತೃತ್ವ ವಹಿಸಿದ್ದರು. ಅವರು ಕರೆಸಿಕೊಂಡದ್ದು ಪ್ಯಾರಿಸ್‌ನಲ್ಲಿ ನೆಲೆಸಿದ್ದ ಶಿಲ್ಪಿ ಕಾನ್‌ಸ್ಟಾಂಟಿನ್ ಬ್ರಾಂಕುಶಿಯವರನ್ನು.

ಬ್ರಾಂಕುಶಿ 1876ರಲ್ಲಿ ಅದೇ ಸೀಮೆಯ ಹೊಬಿತ್ಸಾ ಗ್ರಾಮದ ರೈತ ಕುಟುಂಬದಲ್ಲಿ ಜನಿಸಿದವರು. ಕ್ರಯೋವಾದ ಕರಕುಶಲ ಶಾಲೆಯಲ್ಲಿ ಮರಗೆಲಸ ಕಲಿತವರು. ಪ್ರಸಿದ್ಧರಾದ ಮೇಲೂ ತಮ್ಮ ಮನೆಯ ಪೀಠೋಪಕರಣಗಳನ್ನು ತಾವೇ ಮಾಡಿಕೊಳ್ಳುತ್ತಿದ್ದರು. ಮೇಜಿಗೂ ಶಿಲ್ಪಕ್ಕೂ ಅವರು ಭೇದವೆಣಿಸಲಿಲ್ಲ. ತಮ್ಮೂರಿನ ಈ ಕೆಲಸಕ್ಕೆ ಅವರು ಸಂಭಾವನೆಯನ್ನೂ ಪಡೆಯಲಿಲ್ಲ.

1937-38ರಲ್ಲಿ ಸಿದ್ಧವಾದ ಈ ಸ್ಮಾರಕ ನದಿಯ ಬಳಿ ಒಂದು ಮೇಜಿನಿಂದ ಆರಂಭವಾಗುತ್ತದೆ. ಸುಣ್ಣದಕಲ್ಲಿನ ದುಂಡು ಮೇಜು. ಎರಡು ಮೀಟರಿಗಿಂತ ತುಸು ಹೆಚ್ಚು ಅಗಲ. ಸುತ್ತಲೂ ಡಮರುಗದಂತೆ ನಡು ಸಣ್ಣಗಿರುವ ಹನ್ನೆರಡು ಕಲ್ಲಿನ ಪೀಠಗಳು. ಇದಕ್ಕೆ 'ಮೌನದ ಮೇಜು' ಎಂದು ಹೆಸರು. ಯುದ್ಧಕ್ಕೆ ಹೊರಟವರ ಕೊನೆಯ ಊಟದ ನೆನಪು ಇದು ಎನ್ನುವವರಿದ್ದಾರೆ. ಮುಂದೆ ಕಲ್ಲಿನ 'ಚುಂಬನ ದ್ವಾರ'. ಪಟ್ಟಣದ ಆಚೆ ತುದಿಯಲ್ಲಿ ಸುಮಾರು 29 ಮೀಟರ್ ಎತ್ತರದ 'ಕೊನೆಯಿಲ್ಲದ ಕಂಬ'. ಉಕ್ಕಿನ ದಿಂಡಿಗೆ ಎರಕದ ಕಬ್ಬಿಣದ ತುಂಡುಗಳನ್ನು ಮಣಿಗಳಂತೆ ಪೋಣಿಸಿ, ಮೇಲೆ ಹಿತ್ತಾಳೆಯ ಲೇಪ ಕೊಡಲಾಗಿದೆ.

ಈ ಕೆಲಸದ ನಡುವೆಯೇ ಬ್ರಾಂಕುಶಿ ಭಾರತಕ್ಕೂ ಬಂದಿದ್ದರು. ಇಂದೋರಿನ ಮಹಾರಾಜ ಯಶವಂತರಾವ್ ಹೋಳ್ಕರ್ ಅವರಿಂದ ಧ್ಯಾನಮಂದಿರವೊಂದನ್ನು ಕಟ್ಟಿಸಬೇಕೆಂದಿದ್ದರು. ಆ ಮಂದಿರ ಮೇಲೇಳಲೇ ಇಲ್ಲ.

ಆದರೆ ತವರು ಅವರನ್ನು ನಡೆಸಿಕೊಂಡ ಬಗೆ ನೋಡಿ. ಕಮ್ಯುನಿಸ್ಟ್ ಆಡಳಿತ ಬಂದ ಮೇಲೆ, 1951ರಲ್ಲಿ, ರುಮೇನಿಯಾದ ಅಕಾಡೆಮಿ ಅವರ ಕೃತಿಗಳನ್ನು ತಿರಸ್ಕರಿಸಿತು. 1950ರ ದಶಕದಲ್ಲಿ ಕಬ್ಬಿಣದ ಕಂಬವನ್ನು ಎಳೆದು ಉರುಳಿಸುವ ಯತ್ನವೂ ನಡೆಯಿತು. ಕಂಬ ಉರುಳಲಿಲ್ಲ. ಬ್ರಾಂಕುಶಿ ತಮ್ಮ ಕಾರ್ಯಾಗಾರವನ್ನು ಫ್ರಾನ್ಸಿಗೆ ಬರೆದುಕೊಟ್ಟು 1957ರಲ್ಲಿ ಪ್ಯಾರಿಸ್‌ನಲ್ಲಿ ತೀರಿಕೊಂಡರು.

2024ರ ಜುಲೈನಲ್ಲಿ ಯುನೆಸ್ಕೋ ಈ ಸ್ಮಾರಕವನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಆ ಸಭೆ ನಡೆದದ್ದು ನಮ್ಮ ದೆಹಲಿಯಲ್ಲೇ.

ಆಳುವವರು ಒಂದು ಕಾಲಕ್ಕೆ ಗುಜರಿಯೆಂದು ಬಗೆದದ್ದನ್ನು ಇನ್ನೊಂದು ಕಾಲಕ್ಕೆ ಪರಂಪರೆ ಎನ್ನುತ್ತಾರೆ. ಅಷ್ಟರವರೆಗೆ ಅದನ್ನು ಕಾಯುವವರು ಯಾರು? ನಾವೂ ನಮ್ಮ ಊರುಗಳಲ್ಲಿ ಯಾವುದನ್ನು ಕೆಡವುತ್ತಿದ್ದೇವೆ, ಯಾರ ನೆನಪನ್ನು ಅಳಿಸುತ್ತಿದ್ದೇವೆ ಎಂದು ಕೇಳಿಕೊಳ್ಳಬೇಕಾಗಿದೆ. ಆ ಹನ್ನೆರಡು ಪೀಠಗಳ ಮೇಲೆ ಯಾರ ಹೆಸರೂ ಇಲ್ಲ. ಆದ್ದರಿಂದಲೇ ಅವು ಬಾರದೇ ಹೋದ ಎಲ್ಲರಿಗೂ ಸೇರಿದವು.