ಮನೆಯ ಅಕ್ವೇರಿಯಂಗೆ ಸೀ ಅನಿಮೋನ್: ಕೊಳ್ಳುವ ಮುನ್ನ ಪಾದ ನೋಡಿ

ಹೂವಿನಂತೆ ಕಂಡರೂ ಸೀ ಅನಿಮೋನ್ ಒಂದು ಪ್ರಾಣಿ. ಹವಳ, ಜೆಲ್ಲಿ ಮೀನುಗಳ ಬಳಗದ ಇದು ಕುಟುಕುವ ಕರಬಳ್ಳಿಗಳಿಂದ ಬೇಟೆ ಹಿಡಿಯುತ್ತದೆ. ಠಾಣೆ, ಡೊಂಬಿವಲಿ, ಕಲ್ಯಾಣ, ನವಿ ಮುಂಬಯಿಯ ಫ್ಲ್ಯಾಟ್‌ಗಳಲ್ಲಿ ಉಪ್ಪುನೀರಿನ ಅಕ್ವೇರಿಯಂ ಇಡುವವರಿಗೆ 'ನೆಮೋ' ಮೀನಿನ ಜೊತೆ ಇದನ್ನೂ ತರುವ ಆಸೆ ಸಹಜ. ಆದರೆ ತೊಟ್ಟಿಯಲ್ಲಿರುವ ಕ್ಲೌನ್ ಮೀನಿಗೆ ಅನಿಮೋನ್ ಬೇಕೇ ಬೇಕು ಎಂದೇನಿಲ್ಲ. ಮೀನಿಗಿಂತ ಇದನ್ನು ಸಾಕುವುದೇ ಕಷ್ಟ.

ಗುರುತಿಸಲು ಬಣ್ಣ ನೋಡಿದರೆ ಸಾಲದು, ಅಡಿಭಾಗ ನೋಡಬೇಕು. ಅನಿಮೋನ್‌ಗೆ ಮೆತ್ತಗಿನ, ಅಂಟಿಕೊಳ್ಳುವ ಪಾದವಿರುತ್ತದೆ. ಟಾರ್ಚ್, ಹ್ಯಾಮರ್ ಹವಳಗಳು ಮೇಲಿನಿಂದ ಥೇಟ್ ಅನಿಮೋನ್‌ನಂತೆಯೇ ತೂಗಾಡಿದರೂ ಅಡಿಯಲ್ಲಿ ಸುಣ್ಣದ ಗಟ್ಟಿ ಕವಚವಿರುತ್ತದೆ. ಇದು ಬರೀ ಹವ್ಯಾಸದ ಮಾತಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಶೆಡ್ಯೂಲ್‌ಗೆ 2001ರಲ್ಲಿ ಕಲ್ಲುಹವಳಗಳನ್ನು ಸೇರಿಸಲಾಗಿದೆ. ಅಂಗಡಿಯವರು 'ಅನಿಮೋನ್' ಎಂದು ಕೊಟ್ಟಿದ್ದು ಹವಳವಾಗಿದ್ದರೆ, ಮನೆಗೆ ತಂದವರೂ ಕಾನೂನಿನ ತೊಂದರೆಗೆ ಸಿಲುಕಬಹುದು.

ಹೊಸಬರಿಗೆ ಸ್ವಲ್ಪ ಸುಲಭವಾದದ್ದು ಬಬಲ್ ಟಿಪ್. ಇದರ ಕರಬಳ್ಳಿಯ ತುದಿ ಗುಳ್ಳೆಯಂತೆ ಉಬ್ಬಿರುತ್ತದೆ (ಕೆಲವೊಮ್ಮೆ ಉಬ್ಬುವುದಿಲ್ಲ), ಪಾದ ಕಲ್ಲಿನ ಸಂದಿಯಲ್ಲಿರುತ್ತದೆ. ಗಿಡ್ಡ ಕರಬಳ್ಳಿಗಳ ಕಾರ್ಪೆಟ್ ಅನಿಮೋನ್ ಸಣ್ಣ ಮೀನನ್ನೇ ನುಂಗೀತು. ಕಲ್ಲಿನ ಜೊತೆ ಕರೆಯದೇ ಬರುವ ಕಂದು ಬಣ್ಣದ, ತೆಳು ಐಪ್ಟೇಸಿಯಾ ಮಾತ್ರ ಪೀಡೆ. ಕತ್ತರಿಸಿದರೆ ಚೂರುಗಳಿಂದಲೇ ಮತ್ತೆ ಹುಟ್ಟುತ್ತದೆ.

ಹಾಲಿನಂತೆ ಬೆಳ್ಳಗಿರುವುದನ್ನು ಅಪರೂಪದ್ದೆಂದು ಕೊಳ್ಳಬೇಡಿ. ಒಳಗಿದ್ದುಕೊಂಡು ಅದಕ್ಕೆ ಆಹಾರ ಕೊಡುವ ಪಾಚಿ ಹೋಗಿದೆ ಎಂದರ್ಥ. ಕಣ್ಣು ಕುಕ್ಕುವ ಹಳದಿ ಬಣ್ಣ ಬಳಿದದ್ದಿರಬಹುದು. ಬಾಯಿ ಮುಚ್ಚಿರಬೇಕು, ಪಾದ ಹರಿದಿರಬಾರದು.

ತೊಟ್ಟಿ ಕನಿಷ್ಠ ಆರು ತಿಂಗಳು ಹಳೆಯದಿರಲಿ. ನೀರಿನ ಸಾಂದ್ರತೆ 1.025ರ ಆಸುಪಾಸು, ಉಷ್ಣತೆ 25–27 ಡಿಗ್ರಿ, ಅಮೋನಿಯಾ ಸೊನ್ನೆ. ಬೆಳಕು ಚೆನ್ನಾಗಿರಬೇಕು. ನಲ್ಲಿ ನೀರಿನಲ್ಲಿ ಕ್ಲೋರಿನ್ ಇರುವುದರಿಂದ ಆರ್‌ಒ ನೀರಿಗೆ ಅಕ್ವೇರಿಯಂ ಉಪ್ಪು ಬೆರೆಸುವುದೇ ಸರಿ. ಠಾಣೆ ಖಾಡಿಯ ನೀರು ಬೇಡ. ಅದರಲ್ಲಿ ಕೊಳಕಿದೆ, ಮಳೆಗಾಲದಲ್ಲಿ ಉಪ್ಪಿನಂಶವೂ ಇಳಿಯುತ್ತದೆ. ಏಪ್ರಿಲ್, ಮೇ ಸೆಕೆಗೆ ಚಿಲ್ಲರ್ ಬೇಕಾಗಬಹುದು. ಕರೆಂಟ್ ಹೋದಾಗ ಆಮ್ಲಜನಕ ಬೇಗ ಕುಸಿಯುವುದರಿಂದ ಬ್ಯಾಟರಿಯ ಏರ್ ಪಂಪ್ ಕೈಗೆ ಸಿಗುವಂತಿರಲಿ.

ಅನಿಮೋನ್ ಇಟ್ಟಲ್ಲೇ ಇರುವುದಿಲ್ಲ. ಜಾಗ ಹಿಡಿಸದಿದ್ದರೆ ತೆವಳುತ್ತಾ ಹೋಗಿ ಪಂಪಿಗೆ ಸಿಕ್ಕಿ ಚೂರಾಗುತ್ತದೆ, ಹಾಗಾಗಿ ಪಂಪಿನ ಬಾಯಿಗೆ ಸ್ಪಂಜು ಅಥವಾ ಜಾಲರಿ ಕಟ್ಟಬೇಕು. ವಾರಕ್ಕೊಮ್ಮೆ ಸಿಗಡಿಯ ಸಣ್ಣ ಚೂರು ಸಾಕು. ಮೀನಿಗೆ ಹಾಕುವ ತಾಮ್ರದ ಔಷಧ ಇದಕ್ಕೆ ವಿಷ. ಸತ್ತರೆ ಕೂಡಲೇ ತೆಗೆಯಿರಿ, ಕೊಳೆತರೆ ಒಂದೇ ದಿನದಲ್ಲಿ ಇಡೀ ತೊಟ್ಟಿಯ ಮೀನುಗಳು ಸಾಯಬಹುದು.

ಮುಂಬಯಿಯ ಕಲ್ಲುದಂಡೆಗಳಲ್ಲಿ ಇಳಿತದ ಹೊತ್ತಿಗೆ ಅನಿಮೋನ್‌ಗಳನ್ನು ಕಣ್ಣಾರೆ ಕಾಣಬಹುದು. 'ಮರೈನ್ ಲೈಫ್ ಆಫ್ ಮುಂಬೈ' ತಂಡ 2017ರಿಂದ ಇಂಥ ತೀರ ನಡಿಗೆಗಳನ್ನು ಏರ್ಪಡಿಸುತ್ತಿದೆ. ಗುರುತಿಸಲು ಕಲಿಯಲು ಇದು ಒಳ್ಳೆಯ ದಾರಿ, ಅಲ್ಲಿಂದ ಕಿತ್ತು ತರಬಾರದು ಅಷ್ಟೆ. ಮನೆಯಲ್ಲಿ ಸಾಕಲಾಗದೆ ಹೋದದ್ದನ್ನೂ ಖಾಡಿಗೆ ಬಿಡದೆ ಅಂಗಡಿಗೆ ಅಥವಾ ಬೇರೆ ಹವ್ಯಾಸಿಗಳಿಗೆ ಕೊಡಬೇಕು.