ಆಟಗಾರನ ಪಗಾರ, ತಂಡದ ಮಿತಿ

ವಾಡಿ, ಶಹಾಬಾದ, ಸೇಡಂ ಊರುಗಳ ಜನಕ್ಕೆ ಪಗಾರದ ಮಾತು ಹೊಸದಲ್ಲ. ಕಲ್ಲಿನ ಗಣಿ, ಸಿಮೆಂಟು ಕಾರ್ಖಾನೆ, ರೈಲುದಾರಿ ಇವುಗಳ ನೆರಳಿನಲ್ಲಿ ಬೆಳೆದ ಊರುಗಳಿವು. 1948ರಲ್ಲಿ ಕನಿಷ್ಠ ವೇತನದ ಕಾಯಿದೆ ಬಂದಿತು. 1958ರಲ್ಲಿ ಸಿಮೆಂಟು ಕೈಗಾರಿಕೆಗೆಂದೇ ಕೇಂದ್ರ ಸರಕಾರ ವೇತನ ಮಂಡಲಿಯೊಂದನ್ನು ನೇಮಿಸಿತು. ದುಡಿಯುವವನಿಗೆ ಇಷ್ಟಕ್ಕಿಂತ ಕಡಿಮೆ ಕೊಡಕೂಡದು ಎಂಬುದೇ ನಮ್ಮ ಕಡೆಯ ಪಗಾರದ ಹೋರಾಟಗಳ ತಿರುಳು. ಆಟದ ಲೋಕದಲ್ಲಾದರೋ ಇದಕ್ಕೆ ತದ್ವಿರುದ್ಧವಾದ ಕಟ್ಟಳೆಯೊಂದುಂಟು: ಇಷ್ಟಕ್ಕಿಂತ ಹೆಚ್ಚು ಕೊಡಕೂಡದು! ಈ ಕಟ್ಟಳೆ ಹುಟ್ಟಿದ್ದು ಹೇಗೆ, ಆ ಮಿತಿಯನ್ನು ಏರಿಸಿದಾಗ ತಂಡಗಳಿಗೆ ಆಗುವುದೇನು ಎಂಬುದನ್ನು ನಾವಿಲ್ಲಿ ನೋಡೋಣ.

ಕಥೆ ಆರಂಭವಾಗುವುದು ಇಂಗ್ಲೆಂಡಿನ ಕಾಲ್ಚೆಂಡಾಟದಿಂದ. ಅಲ್ಲಿ 1901ರಲ್ಲಿ ಯಾವ ಆಟಗಾರನಿಗೂ ವಾರಕ್ಕೆ 4 ಪೌಂಡಿಗಿಂತ ಹೆಚ್ಚು ಕೊಡಬಾರದೆಂದು ಗೊತ್ತುಮಾಡಿದರು. ಸಿರಿವಂತ ನಗರದ ಕ್ಲಬ್ಬು ಒಳ್ಳೆಯ ಆಟಗಾರರನ್ನೆಲ್ಲ ಬಾಚಿಕೊಂಡರೆ ಸಣ್ಣ ಊರಿನ ಕ್ಲಬ್ಬಿನ ಗತಿಯೇನು ಎಂಬುದು ಆಗ ಮುಂದಿಟ್ಟ ವಾದ. ಮಿತಿ ಮೆಲ್ಲಮೆಲ್ಲನೆ ಏರಿ 1958ರ ಹೊತ್ತಿಗೆ 20 ಪೌಂಡು ಮುಟ್ಟಿತು. ಆದರೆ ಸಾವಿರಾರು ಜನ ದುಡ್ಡು ಕೊಟ್ಟು ನೋಡಲು ಬರುವ ಆಟಗಾರನಿಗೆ ಅದು ಅನ್ಯಾಯವೆನಿಸಿತು. ಜಿಮ್ಮಿ ಹಿಲ್ ಎಂಬವರ ಮುಂದಾಳುತನದಲ್ಲಿ ಆಟಗಾರರ ಸಂಘ ಮುಷ್ಕರಕ್ಕೆ ಸಿದ್ಧವಾಯಿತು. 1961ರ ಜನವರಿಯಲ್ಲಿ ಮಿತಿ ಬಿದ್ದುಹೋಯಿತು. ಸ್ವಲ್ಪ ಕಾಲದಲ್ಲೇ ಫುಲ್ಹ್ಯಾಮ್ ಕ್ಲಬ್ಬಿನ ಜಾನಿ ಹೇನ್ಸ್ ವಾರಕ್ಕೆ 100 ಪೌಂಡು ಪಡೆಯತೊಡಗಿದರು.

ನ್ಯಾಯ ದೊರೆಯಿತು, ನಿಜ. ಆದರೆ ಇನ್ನೊಂದು ಮಗ್ಗುಲನ್ನೂ ಗಮನಿಸಬೇಕು. ಬರ್ನ್ಲಿ ಎಂಬುದು ನೂಲಿನ ಗಿರಣಿಗಳ ಸಣ್ಣ ಊರು. ಅದರ ತಂಡ 1960ರಲ್ಲಿ ಇಂಗ್ಲೆಂಡಿಗೇ ಮೊದಲನೆಯದಾಗಿತ್ತು. ಆ ಪಟ್ಟ ಅದಕ್ಕೆ ಮತ್ತೆಂದೂ ದಕ್ಕಲಿಲ್ಲ. ಇದಕ್ಕೆ ಪಗಾರವೊಂದೇ ಕಾರಣವೆನ್ನಲಾಗದು. ಆದರೂ ಹಣವೇ ಅಳತೆಗೋಲಾದ ಮೇಲೆ ಗಿರಣಿಯ ಊರು ಮಹಾನಗರದೊಡನೆ ಸರಿಗಟ್ಟುವುದು ಕಷ್ಟವಾಯಿತೆಂಬುದು ಸ್ಪಷ್ಟ.

ಅಮೆರಿಕೆಯವರು ಬೇರೆ ದಾರಿ ಹಿಡಿದರು. ಅವರ ಫುಟ್ಬಾಲು ನಮ್ಮ ಕಾಲ್ಚೆಂಡಾಟವಲ್ಲ. ಕೈಯಲ್ಲಿ ಚೆಂಡು ಹಿಡಿದು ಓಡುವ ಆಟ. ಅಲ್ಲಿ 1994ರಲ್ಲಿ ಮಿತಿ ಹಾಕಿದ್ದು ಒಬ್ಬೊಬ್ಬ ಆಟಗಾರನಿಗಲ್ಲ, ಇಡೀ ತಂಡದ ಪಗಾರದ ಮೊತ್ತಕ್ಕೆ: 3 ಕೋಟಿ 46 ಲಕ್ಷ ಡಾಲರು. ಆಟದ ಒಟ್ಟು ಹುಟ್ಟುವಳಿ ಹೆಚ್ಚಿದಂತೆ ಮಿತಿಯೂ ಏರುತ್ತದೆ. 2025ರಲ್ಲಿ ಅದು 27 ಕೋಟಿ 92 ಲಕ್ಷ ಡಾಲರಿಗೆ, ಎಂದರೆ ಎಂಟು ಪಟ್ಟಿಗೆ, ಬಂದಿತು. ಮಿತಿ ಎಲ್ಲರಿಗೂ ಒಂದೇ ಆದ್ದರಿಂದ ಏರಿಕೆಯಿಂದ ಯಾರಿಗೂ ಲಾಭವಿಲ್ಲವೆಂದು ತೋರಬಹುದು. ಹಾಗಲ್ಲ. ಬೆಲೆ ಅಗ್ಗವಿದ್ದಾಗ ದೀರ್ಘ ಕರಾರು ಮಾಡಿಕೊಂಡ ತಂಡಕ್ಕೆ, ಮಿತಿ ಏರಿದಾಗ ಹಳೆಯ ದರದ ಆಟಗಾರ ಉಳಿಯುತ್ತಾನೆ, ಮೇಲಿನ ಹಣವೂ ಕೈಗೆ ಬರುತ್ತದೆ. ನಾಳೆ ಹೇಗೂ ಏರುತ್ತದೆಂದು ಇಂದಿನ ಭಾರವನ್ನು ಮುಂದಿನ ವರ್ಷಗಳಿಗೆ ತಳ್ಳಿದ ತಂಡಕ್ಕೆ ಅಪಾಯವೂ ಉಂಟು. ಸಾಂಕ್ರಾಮಿಕದ ದೆಸೆಯಿಂದ 2021ರಲ್ಲಿ ಮಿತಿ 19 ಕೋಟಿ 82 ಲಕ್ಷದಿಂದ 18 ಕೋಟಿ 25 ಲಕ್ಷಕ್ಕೆ ಇಳಿದಾಗ ಹಾಗೆ ನಂಬಿದವರು ಇಕ್ಕಟ್ಟಿಗೆ ಸಿಕ್ಕಿದರು. ಬರಲಿರುವ ತೊಗರಿಯ ಫಸಲನ್ನು ನಂಬಿ ಸಾಲ ಮಾಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಈಗ ನಮ್ಮ ನಾಡಿಗೆ ಬರೋಣ. 2008ರಲ್ಲಿ ಐ.ಪಿ.ಎಲ್. ಕ್ರಿಕೆಟ್ಟು ಹುಟ್ಟಿದಾಗ ಹರಾಜಿನಲ್ಲಿ ಪ್ರತಿ ತಂಡದ ಥೈಲಿ 50 ಲಕ್ಷ ಡಾಲರು. ಅದು 2018ರಲ್ಲಿ 80 ಕೋಟಿ ರೂಪಾಯಿ, 2024ರಲ್ಲಿ 100 ಕೋಟಿ, 2025ರ ಪಂದ್ಯಾವಳಿಗೆ 120 ಕೋಟಿ ಆಯಿತು. ಲಖನೌ ತಂಡ ರಿಷಭ್ ಪಂತ್ ಒಬ್ಬರಿಗೇ 27 ಕೋಟಿ ಕೊಟ್ಟಿತು. ಬೆಂಗಳೂರು ತಂಡ ವಿರಾಟ್ ಕೊಹ್ಲಿಯವರನ್ನು 21 ಕೋಟಿಗೆ ಉಳಿಸಿಕೊಂಡರೂ, ಹರಾಜಿನಲ್ಲಿ ಯಾರಿಗೂ 12 ಕೋಟಿ 50 ಲಕ್ಷಕ್ಕಿಂತ ಹೆಚ್ಚು ಕೊಡದೆ ಹಣವನ್ನು ಹಲವರಲ್ಲಿ ಹಂಚಿತು. 2025ರ ಜೂನ್ 3ರಂದು ಮೊದಲ ಬಾರಿಗೆ ಪಟ್ಟ ಗೆದ್ದದ್ದು ಆ ತಂಡವೇ.

ಕಬಡ್ಡಿಯ ಪಾಠ ಇನ್ನೂ ಖಾರವಾದದ್ದು. ಪ್ರೊ ಕಬಡ್ಡಿಯಲ್ಲಿ 2023ರಲ್ಲಿ ಮಿತಿಯನ್ನು 4 ಕೋಟಿ 40 ಲಕ್ಷದಿಂದ 5 ಕೋಟಿಗೆ ಏರಿಸಿದರು. ಸೇಡಮಿಗೆ ನೆರೆಯದೇ ಆದ ತೆಲಂಗಾಣದ ತೆಲುಗು ಟೈಟಾನ್ಸ್ ತಂಡ ಪವನ್ ಸೆಹ್ರಾವತ್ ಒಬ್ಬರಿಗೇ 2 ಕೋಟಿ 60 ಲಕ್ಷದ 50 ಸಾವಿರ ಸುರಿಯಿತು; ಎಂದರೆ ಥೈಲಿಯ ಅರ್ಧಕ್ಕೂ ಹೆಚ್ಚು. ಪವನ್ ಸಾಮಾನ್ಯರಲ್ಲ, ಹಿಂದೆ ಬೆಂಗಳೂರು ಬುಲ್ಸ್ ತಂಡಕ್ಕೆ ಪಟ್ಟ ತಂದುಕೊಟ್ಟವರು. ಆದರೂ ಆ ಸಲ ಟೈಟಾನ್ಸ್ ಹನ್ನೆರಡು ತಂಡಗಳಲ್ಲಿ ಕಡೆಯದಾಯಿತು. ಏಳು ಜನ ಕೈಹಿಡಿದು ಆಡುವ ಆಟದಲ್ಲಿ ಒಬ್ಬನೇ ಎಷ್ಟೆಂದು ಹೊತ್ತಾನು?

ಹಾಗಾದರೆ ಮಿತಿ ಏರಿದಾಗ ನಾವು ಕೇಳಬೇಕಾದ ಪ್ರಶ್ನೆ ಯಾವುದು? ತುದಿಯವನಿಗೆ ಎಷ್ಟು ಸಿಕ್ಕಿತೆಂಬುದನ್ನು ಪತ್ರಿಕೆಗಳು ಹೇಳಿಯೇ ಹೇಳುತ್ತವೆ. ಬುಡದವನಿಗೆ ಎಷ್ಟು ಎಂಬುದನ್ನು ನಾವೇ ಕೇಳಬೇಕು. ಐ.ಪಿ.ಎಲ್.ನಲ್ಲಿ 2018ರಿಂದ 2024ರವರೆಗೆ ಥೈಲಿ 20 ಕೋಟಿ ಹಿಗ್ಗಿದರೂ ಅತಿ ಕಡಿಮೆ ಮೂಲಬೆಲೆ 20 ಲಕ್ಷದಲ್ಲೇ ನಿಂತಿತ್ತು. 2025ಕ್ಕೆ ಅದು 30 ಲಕ್ಷವಾಯಿತು. ಕಬಡ್ಡಿಯವರು 2023ರಲ್ಲಿ ಕಡೆಯ ದರ್ಜೆಯ ಮೂಲಬೆಲೆಯನ್ನು 6 ಲಕ್ಷದಿಂದ 9 ಲಕ್ಷಕ್ಕೆ ತಂದರು. ಥೈಲಿ ಏರಿದ್ದಕ್ಕಿಂತ ಅದು ಹೆಚ್ಚಿನ ಪ್ರಮಾಣದ ಏರಿಕೆ. ಮನಸ್ಸಿದ್ದರೆ ಮಾಡಬಹುದೆಂಬುದಕ್ಕೆ ಇದೇ ಸಾಕ್ಷಿ.

ಶಹಾಬಾದದ ಫರಸಿಯನ್ನು ನಮ್ಮ ಜನ ನೆಲಕ್ಕೂ ಹಾಸುತ್ತಾರೆ, ಮಾಳಿಗೆಗೂ ಹೊದಿಸುತ್ತಾರೆ. ಮಾಳಿಗೆಯನ್ನಷ್ಟೇ ಎತ್ತರಿಸಿ ನೆಲವನ್ನು ಹಸಿ ಮಣ್ಣಾಗಿಯೇ ಬಿಟ್ಟರೆ ಮನೆ ಚೆಂದವಾದೀತೆ? ಚಿತ್ತಾಪುರದಲ್ಲೋ ಚಿಂಚೋಳಿಯಲ್ಲೋ ಶಾಲೆಯ ಬಯಲಿನಲ್ಲಿ ಉಸಿರು ಬಿಗಿಹಿಡಿದು ಗೆರೆ ದಾಟುವ ಹುಡುಗನಿಗೆ ಕೋಟಿಗಳ ಕನಸು ತೋರಿಸುವುದು ಸುಲಭ. ಆಟವನ್ನೇ ನಂಬಿದ ನೂರು ಜನರಲ್ಲಿ ತುದಿ ಮುಟ್ಟುವವನು ಒಬ್ಬನಾದರೆ, ಉಳಿದವರು ನಿಲ್ಲುವುದು ನೆಲದ ಮೇಲೆಯೇ. ಮುಂದಿನ ಹರಾಜಿನ ಸುದ್ದಿ ನಿಮ್ಮ ರೇಡಿಯೋದಲ್ಲಿ ಬಂದಾಗ ಮೊದಲನೆಯ ಹೆಸರಿಗೇ ಕಿವಿ ಮುಚ್ಚಿಕೊಳ್ಳಬೇಡಿ. ಕೊನೆಯ ಹೆಸರಿನವರೆಗೂ ಕೇಳಿ.