ವಿಳಾಸ ಕೇಳುವ ಕಾನೂನು, ವಿಳಾಸವಿಲ್ಲದ ಕೊಳ್ಳುಗ: ಹುಣಸೂರು ಸೀಮೆಯ ಹಳೆಸಾಮಾನು ವ್ಯಾಪಾರ ಮತ್ತು ಅಲೆಮಾರಿಗಳು

ಎಚ್.ಡಿ. ಕೋಟೆಯಿಂದ ಕೆ.ಆರ್. ನಗರದವರೆಗೆ ಯಾವ ಹಳ್ಳಿಯ ಮನೆಗೆ ಹೋದರೂ ಕೊಟ್ಟಿಗೆಯ ಮೂಲೆಯಲ್ಲೊಂದು ಚೀಲ ಇರುತ್ತದೆ. ತೂತುಬಿದ್ದ ಅಲ್ಯೂಮಿನಿಯಂ ತಪ್ಪಲೆ, ಸವೆದ ನೇಗಿಲಗುಳ, ಸುಟ್ಟುಹೋದ ಬೋರ್‌ವೆಲ್ ಮೋಟರಿನ ತಾಮ್ರದ ತಂತಿ, ಒಡೆದ ಪ್ಲಾಸ್ಟಿಕ್ ಕೊಡ, ಖಾಲಿ ಔಷಧಿ ಡಬ್ಬಿ ಎಲ್ಲವೂ ಅದರೊಳಗೆ ಸೇರುತ್ತವೆ. ಹುಣಸೂರು, ಪಿರಿಯಾಪಟ್ಟಣದ ಹೊಗೆಸೊಪ್ಪಿನ ಬೆಳೆಗಾರರ ಮನೆಯಾದರೆ ಚೀಲದ ಪಕ್ಕದಲ್ಲಿ ಬ್ಯಾರನ್‌ನಿಂದ ತೆಗೆದ ತುಕ್ಕು ಹಿಡಿದ ತಗಡಿನ ಕೊಳವೆಗಳೂ ಒರಗಿರುತ್ತವೆ. ಸೊಪ್ಪು ಬೇಯಿಸುವ ಕಾಲಕ್ಕೆ ಮುಂಚೆ ಬ್ಯಾರನ್ ರಿಪೇರಿ ಮಾಡುವಾಗ ಹಳೆಯ ಕೊಳವೆ ಹೊರಗೆ ಬರುತ್ತದೆ, ಹೊಸದು ಒಳಗೆ ಹೋಗುತ್ತದೆ. ಇನ್ನು ಗೋಡೆಯ ಗೂಡಿನಲ್ಲೋ ಹೆಂಚಿನ ಸಂದಿನಲ್ಲೋ ಮನೆಯ ಹೆಂಗಸರು ಬಾಚಿದಾಗ ಉದುರಿದ ತಲೆಗೂದಲನ್ನು ಉಂಡೆ ಸುತ್ತಿ ಸಿಕ್ಕಿಸಿಟ್ಟಿರುತ್ತಾರೆ. ಇವೆಲ್ಲ ಕಾಯುವುದು ಬಾಗಿಲಿಗೆ ಬರುವ ಒಬ್ಬ ಕೊಳ್ಳುಗನಿಗಾಗಿ, ಬಹಳ ಸಲ ಕೊಳ್ಳಲು ಬರುವ ಒಬ್ಬ ಹೆಂಗಸಿಗಾಗಿ.

ಹಾಗೆ ಬರುವವರೆಲ್ಲರೂ ಅಲೆಮಾರಿಗಳಲ್ಲ. ಪಟ್ಟಣಗಳ ಗುಜರಿ ಅಂಗಡಿಗಳಿಂದ ಆಟೋದಲ್ಲಿ ಧ್ವನಿವರ್ಧಕ ಕಟ್ಟಿಕೊಂಡು ಬರುವವರಲ್ಲಿ ನಾನಾ ಜಾತಿ, ಮತದವರಿದ್ದಾರೆ. ಆದರೆ ಕೂದಲು, ಹಳೆಬಟ್ಟೆ, ಹಳೆಪಾತ್ರೆಗಳನ್ನು ತಲೆಹೊರೆಯಲ್ಲಿ ಒಯ್ಯುವ ಬದಲಿ ವ್ಯಾಪಾರದಲ್ಲಿ ಅಲೆಮಾರಿ ಮೂಲದವರ ಪಾಲು ದೊಡ್ಡದು. ಅವರೊಂದಿಗೆ ನಡೆಯುವ ಈ ಖಾಸಗಿ ಮಾರಾಟದಲ್ಲಿ ಅನುಮಾನ ಎಂಬುದು ಬೆಲೆಯ ಒಳಗೇ ಸೇರಿಕೊಂಡಿದೆ, ಅದನ್ನು ಅಲ್ಲಿಗೆ ಸೇರಿಸಿದ್ದು ಹಳ್ಳಿಯ ಅನುಭವಕ್ಕಿಂತ ಹೆಚ್ಚಾಗಿ ಕಾನೂನು ಎಂಬುದು ಈ ಲೇಖನದ ವಾದ.

ಮೊದಲು ವ್ಯಾಪಾರವನ್ನು ಹತ್ತಿರದಿಂದ ನೋಡೋಣ. ಬೆಳಿಗ್ಗೆ ಹತ್ತು ಗಂಟೆಯ ಹೊತ್ತು, ಗಂಡಸರು ಹೊಲಕ್ಕೆ ಹೋಗಿರುತ್ತಾರೆ. ಸ್ಟೀಲ್ ಪಾತ್ರೆಗಳ ಕುಕ್ಕೆ ಹೊತ್ತ ಹೆಂಗಸು ಜಗಲಿಯ ಮುಂದೆ ಕುಕ್ಕೆ ಇಳಿಸಿ, "ಹಳೇ ಸೀರೆ ಪ್ಯಾಂಟು ಇದ್ರೆ ತಕ್ಕೊಂಬನ್ನಿ ಅವ್ವಾ, ಪಾತ್ರೆ ಕೊಡ್ತೀನಿ" ಎನ್ನುತ್ತಾಳೆ. ಮನೆಯಾಕೆ ಮೂರು ಸೀರೆ, ಎರಡು ಪ್ಯಾಂಟು ತರುತ್ತಾಳೆ. ಬಂದವಳು ಒಂದೊಂದನ್ನೂ ಬಿಸಿಲಿಗೆ ಹಿಡಿದು ತೂತು ನೋಡುತ್ತಾಳೆ, ಸೆರಗಿನ ಜರಿಯನ್ನು ಉಗುರಿನಿಂದ ಕೆರೆದು ನೋಡುತ್ತಾಳೆ. ಮನೆಯಾಕೆಯೂ ಸುಮ್ಮನಿರುವುದಿಲ್ಲ. ಡಬರಿಯನ್ನು ಬೆರಳ ಗೆಣ್ಣಿನಿಂದ ತಟ್ಟಿ ಸದ್ದು ಕೇಳುತ್ತಾಳೆ, ತಳ ತಿರುಗಿಸಿ ದಪ್ಪ ಅಂದಾಜು ಮಾಡುತ್ತಾಳೆ. "ಇಷ್ಟಕ್ಕೆ ಬರೀ ಈ ಲೋಟಾನಾ? ಆ ಡಬರಿ ಕೊಡವ್ವ." "ಅಯ್ಯೋ ತಾಯಿ, ಡಬರಿಗೆ ಇನ್ನೊಂದು ರೇಷ್ಮೆ ಸೀರೆ ಬೇಕು." ಅರ್ಧ ಗಂಟೆ ಇದು ನಡೆಯುತ್ತದೆ. ನಡುವೆ ಒಂದು ಚೊಂಬು ನೀರು, ಎಲೆಯಡಿಕೆ, ಮಗಳ ಮದುವೆಯ ಸುದ್ದಿ. ಕೊನೆಗೆ ಡಬರಿ ಒಳಗೆ ಹೋಗುತ್ತದೆ, ಸೀರೆಗಳು ಗಂಟಿಗೆ ಸೇರುತ್ತವೆ.

ಈ ಸಾಟಿ ವ್ಯಾಪಾರವನ್ನು ಹಣದ ಆರ್ಥಿಕತೆ ಬರುವ ಮುಂಚಿನ ಪಳೆಯುಳಿಕೆ ಎಂದು ಕಡೆಗಣಿಸುವುದು ಸುಲಭ. ಹುಣಸೂರು, ಪಿರಿಯಾಪಟ್ಟಣಗಳು ಹಣ ಕಾಣದ ಊರುಗಳಲ್ಲ. ವರ್ಜೀನಿಯಾ ಹೊಗೆಸೊಪ್ಪಿನ ಹರಾಜು ಮಾರುಕಟ್ಟೆಗಳಿರುವ ತಾಲ್ಲೂಕುಗಳಿವು. ಬೆಳೆಯ ಹಣ ನೇರವಾಗಿ ಬ್ಯಾಂಕ್ ಖಾತೆಗೆ ಬೀಳುವ ಊರುಗಳು. ಹೀಗಿದ್ದೂ ಬಾಗಿಲಲ್ಲಿ ಸಾಟಿ ಉಳಿದಿರುವುದಕ್ಕೆ ನನಗೆ ಎರಡು ಕಾರಣ ಕಾಣುತ್ತವೆ. ಒಂದು, ಸಾಟಿಯಲ್ಲಿ ಎರಡೂ ಕಡೆಯ ವಸ್ತು ಎರಡೂ ಕಡೆಯವರ ಕೈಯಲ್ಲಿರುತ್ತದೆ. ತಕ್ಕಡಿಯ ಮೇಲಾಗಲೀ ಕಂಡರಿಯದವರ ಮಾತಿನ ಮೇಲಾಗಲೀ ನಂಬಿಕೆ ಇಡಬೇಕಾಗಿಲ್ಲ. ತಟ್ಟಿ ನೋಡಿದ ಡಬರಿ ನಾಳೆಯೂ ಅದೇ ಡಬರಿ. ಎರಡನೆಯದು ಇನ್ನೂ ಮುಖ್ಯವಾದುದು. ಸವೆದ ಸೀರೆ, ಉದುರಿದ ಕೂದಲು ಇವು ಮನೆಯೊಳಗೆ ಹೆಣ್ಣಿನ ಅಧೀನದಲ್ಲಿರುವ ಕೆಲವೇ ಆಸ್ತಿಗಳು. ಅವುಗಳನ್ನು ಮಾರಿ ಹಣ ಪಡೆದರೆ ಆ ಹಣ ಸಂಜೆಯ ಹೊತ್ತಿಗೆ ಬೇರೆಯವರ ಜೇಬು ಸೇರಬಹುದು. ಪಾತ್ರೆ ಪಡೆದರೆ ಅದು ಅಡುಗೆಮನೆಯ ಅಟ್ಟದ ಮೇಲೆ ಅವಳದಾಗಿಯೇ ಉಳಿಯುತ್ತದೆ. ದೆಹಲಿಯಲ್ಲಿ ಇದೇ ಬಗೆಯ ವ್ಯಾಪಾರ ನಡೆಸುವ ಗುಜರಾತ್ ಮೂಲದ ವಾಘ್ರಿಗಳ ಬಗ್ಗೆ ಲೂಸಿ ನಾರಿಸ್ 2010ರಲ್ಲಿ ಪುಸ್ತಕ ಪ್ರಕಟಿಸಿದ್ದಾರೆ. ಹಳೆಬಟ್ಟೆ ಮನೆಯಿಂದ ಹೊರಬಿದ್ದ ಮೇಲೆ ಹೇಗೆ ಹೊಸ ಬೆಲೆ ಪಡೆಯುತ್ತದೆ ಎಂಬುದು ಅವರ ಮುಖ್ಯ ಪ್ರಶ್ನೆ. ನಮ್ಮ ಸೀಮೆಯ ಮಟ್ಟಿಗೆ, ಬಟ್ಟೆ ಹೊರಬೀಳುವ ಆ ಅರ್ಧ ಗಂಟೆಯೇ ಹೆಚ್ಚಿನ ಅಧ್ಯಯನಕ್ಕೆ ಅರ್ಹವಾದುದು.

ಲೋಹದ ವ್ಯಾಪಾರ ಹೀಗಿಲ್ಲ. ಅಲ್ಲಿ ತೂಕ ಬರುತ್ತದೆ, ತೂಕದ ಜೊತೆ ಜಗಳವೂ ಬರುತ್ತದೆ. ಕೊಕ್ಕೆಯ ಸ್ಪ್ರಿಂಗ್ ತಕ್ಕಡಿಯನ್ನು ಬಿಗಿಮಾಡಿ ಕಡಿಮೆ ತೋರಿಸುವವರು ಇದ್ದಾರೆ, ಅದನ್ನು ಮುಚ್ಚಿಡಬೇಕಾಗಿಲ್ಲ. ಕಬ್ಬಿಣದ ಡಬ್ಬಿಯೊಳಗೆ ಮರಳು ತುಂಬಿ, ರದ್ದಿ ಕಾಗದಕ್ಕೆ ನೀರು ಚಿಮುಕಿಸಿ ಮಾರುವ ಮನೆಯವರೂ ಇದ್ದಾರೆ. ಮೋಸ ಎರಡೂ ಕಡೆ ಇದೆ. ಆದರೆ ಹಳ್ಳಿಯ ನೆನಪಿನಲ್ಲಿ ಉಳಿಯುವುದು ಒಂದು ಕಡೆಯದು ಮಾತ್ರ. ಮರಳು ತುಂಬಿದವರದು ಜಾಣತನವಾಗುತ್ತದೆ, ತಕ್ಕಡಿ ಬಿಗಿದವರದು ಜಾತಿಯ ಗುಣವಾಗುತ್ತದೆ. ಈ ಅಸಮತೋಲನ ಎಲ್ಲಿಂದ ಬಂತು ಎಂಬುದನ್ನು ಹುಡುಕಿದರೆ ನಾವು ಇನ್ನೂರು ವರ್ಷ ಹಿಂದೆ ಹೋಗಬೇಕಾಗುತ್ತದೆ.

ಟಿಪ್ಪು ಮಡಿದ ಮರುವರ್ಷ, 1800ರಲ್ಲಿ, ಫ್ರಾನ್ಸಿಸ್ ಬುಕನನ್ ಮೈಸೂರು ಸೀಮೆಯಲ್ಲಿ ಸಂಚರಿಸಿದ. ಪಿರಿಯಾಪಟ್ಟಣಕ್ಕೂ ಬಂದಿದ್ದ. 1807ರಲ್ಲಿ ಅಚ್ಚಾದ ಅವನ ಪ್ರವಾಸ ಗ್ರಂಥದಲ್ಲಿ ಕೊರಮರ ವಿವರಣೆಯಿದೆ. ಅವರು ಬುಟ್ಟಿ ಹೆಣೆಯುವವರು, ಧಾನ್ಯ ಮತ್ತು ಉಪ್ಪಿನ ವ್ಯಾಪಾರವನ್ನು ಸಾಕಷ್ಟು ದೊಡ್ಡದಾಗಿಯೇ ನಡೆಸುವವರು, ಹೊತ್ತೊಯ್ಯಬಹುದಾದ ಗುಡಿಸಲುಗಳಲ್ಲಿ ಬಿಡಾರ ಹೂಡುವವರು ಎಂಬ ಚಿತ್ರ ಅಲ್ಲಿ ಸಿಗುತ್ತದೆ. ಅಂದರೆ ಅವರು ವ್ಯಾಪಾರಿಗಳು. ಕತ್ತೆ, ಎತ್ತುಗಳ ಮೇಲೆ ಉಪ್ಪು ಹೇರಿ ತಂದು ಹಳ್ಳಿಯ ಧಾನ್ಯಕ್ಕೆ ಬದಲಾಯಿಸುತ್ತಿದ್ದವರು ಬರದಿದ್ದರೆ ಊರಿಗೆ ಉಪ್ಪಿಲ್ಲ ಎಂಬಂಥ ಕಾಲವದು. ಹತ್ತೊಂಬತ್ತನೆಯ ಶತಮಾನದ ನಡುವಿನಿಂದ ರೈಲು ಮತ್ತು ಬ್ರಿಟಿಷರ ಉಪ್ಪಿನ ನೀತಿ ಈ ಹೇರುದಾರಿಯನ್ನು ಹೇಗೆ ಕಡಿದುಹಾಕಿದವು ಎಂಬುದನ್ನು ಇದೇ ಬಳಗದವರಾದ ಮದ್ರಾಸ್ ಪ್ರಾಂತ್ಯದ ಕೊರವರ ಬಗ್ಗೆ ಮೀನಾ ರಾಧಾಕೃಷ್ಣ ತಮ್ಮ 2001ರ ಗ್ರಂಥದಲ್ಲಿ ತೋರಿಸಿಕೊಟ್ಟಿದ್ದಾರೆ. ನಮ್ಮ ನಾಲ್ಕು ತಾಲ್ಲೂಕುಗಳಲ್ಲಿ ರೈಲು ಹಾದುಹೋಗುವುದು ಕೆ.ಆರ್. ನಗರದಲ್ಲಿ ಮಾತ್ರ. ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆಗಳಿಗೆ ಇಂದಿಗೂ ರೈಲುಹಳಿ ಬಂದಿಲ್ಲ. ಹೊತ್ತು ಮಾರುವವರ ನಡೆ ಈ ಕಾಡಂಚಿನಲ್ಲಿ ಹೆಚ್ಚುಕಾಲ ಬಾಳಿದ್ದಕ್ಕೆ ಇದೂ ಒಂದು ಕಾರಣವಿರಬೇಕೆಂದು ನನ್ನ ಊಹೆ.

ವ್ಯಾಪಾರ ಕಳೆದುಕೊಂಡವರಿಗೆ ಕಾನೂನು ಕೊಟ್ಟದ್ದು ಕಳ್ಳರೆಂಬ ಹೆಸರು. 1871ರ ಅಪರಾಧಿ ಬುಡಕಟ್ಟುಗಳ ಕಾಯ್ದೆ ಉತ್ತರ ಭಾರತದಲ್ಲಿ ಶುರುವಾಗಿ, 1911ರ ಹೊಸ ರೂಪದಲ್ಲಿ ಮದ್ರಾಸ್ ಪ್ರಾಂತ್ಯಕ್ಕೂ ಬಂತು. ಹುಟ್ಟಿದ ಜಾತಿಯೇ ಅಪರಾಧದ ಸಾಕ್ಷಿ, ಊರು ಬಿಡಲು ಅಪ್ಪಣೆ ಬೇಕು, ಠಾಣೆಯಲ್ಲಿ ಹಾಜರಿ ಹಾಕಬೇಕು. 1952ರ ಆಗಸ್ಟ್ 31ರಂದು ಈ ಪಟ್ಟ ಕಳಚಿತು. ಆದರೆ ರೂಢಿಗತ ಅಪರಾಧಿಗಳ ಕಾಯ್ದೆಗಳು ರಾಜ್ಯಗಳಲ್ಲಿ ತಲೆಯೆತ್ತಿದವು, ಕರ್ನಾಟಕದ್ದು 1961ರದು. ಪಟ್ಟ ಹೋದರೂ ನೋಟ ಹೋಗಲಿಲ್ಲ. 2024ರ ಅಕ್ಟೋಬರ್ 3ರಂದು ಸುಕನ್ಯಾ ಶಾಂತಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ವಿಮುಕ್ತ, ಅಂದರೆ ಆ ಪಟ್ಟ ಕಳಚಿದ, ಸಮುದಾಯದವರನ್ನು ಮನಬಂದಂತೆ ಬಂಧಿಸಬಾರದೆಂದು ಪೊಲೀಸರಿಗೆ ಎಚ್ಚರಿಕೆ ಕೊಡಬೇಕಾಗಿ ಬಂದದ್ದೇ ಇದಕ್ಕೆ ಸಾಕ್ಷಿ.

ಇಲ್ಲಿಂದ ನಾವು ಆ ಕೊಟ್ಟಿಗೆಯ ಚೀಲಕ್ಕೆ ಮರಳಬೇಕು. ಕದ್ದ ಮಾಲನ್ನು, ಕದ್ದದ್ದೆಂದು ತಿಳಿದೂ ಅಥವಾ ಹಾಗೆ ನಂಬಲು ಕಾರಣವಿದ್ದೂ, ಅಪ್ರಾಮಾಣಿಕವಾಗಿ ಪಡೆದುಕೊಳ್ಳುವುದು ಅಪರಾಧ. ಹಿಂದೆ ಇದು ಭಾರತೀಯ ದಂಡ ಸಂಹಿತೆಯ 411ನೇ ಕಲಮಾಗಿತ್ತು, 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 317ನೇ ಕಲಮಾಗಿದೆ. ಅದರಷ್ಟೇ ತೂಕದ್ದು ಸಾಕ್ಷ್ಯ ಕಾನೂನಿನ ಒಂದು ಉದಾಹರಣೆ. ಹಳೆಯ ಕಾಯ್ದೆಯ 114ನೇ ಕಲಮಿನಲ್ಲಿದ್ದ ಅದು ಈಗ ಭಾರತೀಯ ಸಾಕ್ಷ್ಯ ಅಧಿನಿಯಮದ 119ನೆಯದರಲ್ಲಿದೆ. ಕಳವಾದ ಸ್ವಲ್ಪ ಕಾಲದಲ್ಲೇ ಮಾಲು ಯಾರ ಬಳಿ ಸಿಕ್ಕಿತೋ ಅವರು ಕಳ್ಳರು ಅಥವಾ ಅರಿತೇ ಪಡೆದವರು ಎಂದು ನ್ಯಾಯಾಲಯ ಊಹಿಸಿಕೊಳ್ಳಬಹುದು, ಅದು ತಮ್ಮ ಬಳಿಗೆ ಹೇಗೆ ಬಂತೆಂದು ಅವರು ಲೆಕ್ಕ ಕೊಡದಿದ್ದರೆ. ಅಂಗಡಿಯವರಿಗೆ ಲೆಕ್ಕವೆಂದರೆ ರಶೀದಿ ಪುಸ್ತಕ. ದಿನಕ್ಕೆ ಹಲವು ಮನೆಗಳ ತಗಡು, ತಂತಿ, ತಪ್ಪಲೆಗಳನ್ನು ಒಂದೇ ಚೀಲಕ್ಕೆ ಸುರಿದುಕೊಳ್ಳುವವರು ಯಾವ ತಂತಿ ಯಾವ ಮನೆಯದೆಂದು ಹೇಗೆ ಹೇಳಬೇಕು? ಹೊಲದ ಪಂಪ್‌ಸೆಟ್ಟಿನ ಕೇಬಲ್ ಕಳವಾದಾಗ ಮೊದಲು ಬಿಚ್ಚಿಸುವುದು ಅವರ ಚೀಲವನ್ನೇ. ಕೇಬಲ್ ಕಳೆದುಕೊಂಡ ರೈತರ ಸಂಕಟ ಸಣ್ಣದಲ್ಲ, ನೀರು ಹಾಯಿಸುವ ಹೊತ್ತಿಗೆ ಮೋಟರ್ ನಿಂತರೆ ಬೆಳೆಯೇ ಹೋಗುತ್ತದೆ. ಆ ಸಂಕಟಕ್ಕೆ ಉತ್ತರ ಹುಡುಕುವ ಬದಲು ಬಿಡಾರ ಹುಡುಕುವುದು ಸುಲಭವಾಗಿದೆ.

ಈ ಅಪಾಯವನ್ನು ಕೊಳ್ಳುವವರು ತಮ್ಮ ಬೆಲೆಯಲ್ಲಿ ಹಿಡಿದುಕೊಳ್ಳುತ್ತಾರೆ. ತಾಮ್ರಕ್ಕೆ ಅಂಗಡಿಯಲ್ಲಿ ಸಿಗುವ ದರಕ್ಕೂ ಬಾಗಿಲಲ್ಲಿ ಸಿಗುವ ದರಕ್ಕೂ ಇರುವ ಅಂತರದಲ್ಲಿ ನಡಿಗೆಯ ಕೂಲಿ ಇದೆ, ಲಾಭ ಇದೆ, ಠಾಣೆಯ ಭಯವೂ ಇದೆ. ಮನೆಯವರು ಆ ಅಂತರವನ್ನು ಪೂರ್ತಿ ಮೋಸವೆಂದು ಓದುತ್ತಾರೆ. ಅನುಮಾನ ಬೆಲೆ ಇಳಿಸುತ್ತದೆ, ಇಳಿದ ಬೆಲೆ ಅನುಮಾನ ಹೆಚ್ಚಿಸುತ್ತದೆ.

ಇದೇ ಸೀಮೆಯಲ್ಲಿ ಹೋಲಿಸಲು ಇನ್ನೊಂದು ಸಮುದಾಯವಿದೆ. ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯಲ್ಲಿ 1960ರ ದಶಕದ ಆರಂಭದಿಂದ ಟಿಬೆಟನ್ ನಿರಾಶ್ರಿತರು ನೆಲೆಸಿದ್ದಾರೆ. ಅವರಲ್ಲಿ ಅನೇಕರು ಚಳಿಗಾಲದಲ್ಲಿ ದೂರದ ನಗರಗಳಿಗೆ ಹೋಗಿ ಸ್ವೆಟರ್ ಮಾರಿ ಬರುತ್ತಾರೆ. ಆ ಸಂಚಾರಿ ವ್ಯಾಪಾರವನ್ನು ಯಾರೂ ಶಂಕಿಸುವುದಿಲ್ಲ, ಶಂಕಿಸಲೂ ಬಾರದು. ಅವರಿಗೆ ದಾಖಲೆಯಿದೆ, ಸೆಟ್ಲ್‌ಮೆಂಟ್ ಇದೆ, ವಿಳಾಸವಿದೆ. ತಲೆಮಾರುಗಳಿಂದ ಇದೇ ಮಣ್ಣಿನಲ್ಲಿ ಅಲೆದವರಿಗೆ ಅದು ಇಲ್ಲ.

ವಿಳಾಸ ಸಿಕ್ಕರೆ ಏನಾಗುತ್ತದೆ ಎಂಬುದಕ್ಕೆ ಹುಣಸೂರು ತಾಲ್ಲೂಕಿನ ಪಕ್ಷಿರಾಜಪುರ ಕಣ್ಣೆದುರಿನ ಉತ್ತರ. ಹಕ್ಕಿಪಿಕ್ಕಿಗಳ ಊರು ಅದು. ಮನೆಯಲ್ಲಿ ಅವರಾಡುವ ವಾಗ್ರಿ ಗುಜರಾತಿಗೆ ಹತ್ತಿರದ ಇಂಡೋ-ಆರ್ಯನ್ ಭಾಷೆ. ಹಕ್ಕಿ ಹಿಡಿಯುವುದು ಅವರ ಹಳೆಯ ಕಸುಬು, ಮಣಿ, ಸೂಜಿ ಮಾರುವುದು ಅದರ ಜೊತೆಯ ಕಸುಬು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬೇಟೆಯನ್ನು ಮುಚ್ಚಿದ ಮೇಲೆ ವ್ಯಾಪಾರವೇ ಪೂರ್ತಿ ಆಸರೆಯಾಯಿತು. ಪ್ಲಾಸ್ಟಿಕ್ ಹೂವು ಹೊತ್ತು ಊರೂರು ತಿರುಗಿದವರು ಗಿಡಮೂಲಿಕೆ ಎಣ್ಣೆ ಹಿಡಿದು ಆಫ್ರಿಕಾದ ದೇಶಗಳನ್ನೂ ಮುಟ್ಟಿದರು. 2023ರ ಏಪ್ರಿಲ್‌ನಲ್ಲಿ ಸುಡಾನ್‌ನಲ್ಲಿ ಯುದ್ಧ ಭುಗಿಲೆದ್ದಾಗ ಅಲ್ಲಿ ಸಿಕ್ಕಿಬಿದ್ದ ಕರ್ನಾಟಕದ ಹಕ್ಕಿಪಿಕ್ಕಿಗಳ ಸಂಖ್ಯೆ ನೂರಕ್ಕೂ ಹೆಚ್ಚು. ಅವರಲ್ಲಿ ಈ ಊರಿನವರೂ ಇದ್ದರು. ಭಾರತ ಸರ್ಕಾರ ನಡೆಸಿದ ತೆರವು ಕಾರ್ಯಾಚರಣೆಗೆ ಕಾವೇರಿಯ ಹೆಸರಿತ್ತು. ಈಚೆಗೆ ಪಕ್ಷಿರಾಜಪುರದ ತಲೆಗೂದಲ ಎಣ್ಣೆಗೆ ದೇಶದ ಮೂಲೆಮೂಲೆಯಿಂದ ಫೋನಿನಲ್ಲಿ ಬೇಡಿಕೆ ಬರುತ್ತದೆ. ಆ ಎಣ್ಣೆಯ ಗುಣದ ಬಗ್ಗೆ ನಾನು ಏನೂ ಹೇಳುತ್ತಿಲ್ಲ, ನನ್ನ ಕುತೂಹಲ ನಂಬಿಕೆಯ ದಿಕ್ಕು ಬದಲಾದುದರ ಬಗ್ಗೆ. ಬಾಗಿಲಿಗೆ ಬಂದಾಗ ಚೊಂಬು ಒಳಗಿಡುತ್ತಿದ್ದ ಸಮಾಜ ಈಗ ಮುಖ ಕಾಣದೆಯೇ ಹಣ ಕಳಿಸುತ್ತಿದೆ. ಜನ ಅವರೇ. ಬದಲಾದದ್ದು ಊರಿನ ಹೆಸರು, ಪಿನ್‌ಕೋಡ್, ಫೋನ್ ನಂಬರ್.

ಹಾಗೆಂದು ಎಲ್ಲರೂ ನೆಲೆನಿಂತರೆ ಸರಿಹೋಗುತ್ತದೆ ಎನ್ನಲಾಗದು. ಹಳ್ಳಿಯಿಂದ ಹಳ್ಳಿಗೆ ನಡೆಯುವುದೇ ಈ ಕಸುಬಿನ ಬಂಡವಾಳ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಗುಜರಿ ಸಂಗ್ರಹ ಅಲ್ಲಿನ ಟ್ರಾವೆಲರ್ ಮತ್ತು ಜಿಪ್ಸಿ ಕುಟುಂಬಗಳ ಹಳೆಯ ಜೀವನೋಪಾಯ. 2013ರ ಗುಜರಿ ಲೋಹ ವ್ಯಾಪಾರಿಗಳ ಕಾಯ್ದೆಯ ಪ್ರಕಾರ ಮನೆಮನೆಯಿಂದ ಸಂಗ್ರಹಿಸುವವರು ಸ್ಥಳೀಯ ಕೌನ್ಸಿಲ್‌ನಿಂದ ಪ್ರತ್ಯೇಕ ಪರವಾನಗಿ ಪಡೆಯಬೇಕು, ಲೋಹಕ್ಕೆ ನಗದು ಕೊಡುವಂತಿಲ್ಲ. ನಗದು ನಿಷೇಧ ನಮ್ಮಲ್ಲಿ ಬಡವರನ್ನೇ ಹೊಡೆಯುತ್ತದೆ, ಅದು ಬೇಡ. ಆದರೆ ಸಂಗ್ರಹಕಾರರಿಗೆಂದೇ ಒಂದು ಪರವಾನಗಿ, ಅದೂ ಸ್ಥಳೀಯ ಸಂಸ್ಥೆಯ ಕೈಯಿಂದ ಎಂಬ ಅಂಶ ಕಲಿಯತಕ್ಕದ್ದು. ನಮ್ಮ 2014ರ ಬೀದಿಬದಿ ವ್ಯಾಪಾರಿಗಳ ಕಾಯ್ದೆ ಪಟ್ಟಣವನ್ನು ಮನಸ್ಸಿನಲ್ಲಿಟ್ಟು ಬರೆದದ್ದು. ಹಳ್ಳಿಯ ಜಗಲಿಯ ಮುಂದೆ ಕುಕ್ಕೆ ಇಳಿಸುವವರು ಅದರ ಕಣ್ಣಿಗೆ ಬೀಳುವುದಿಲ್ಲ.

ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯ ದೇವರಾಜ ಅರಸರು 1972ರಲ್ಲಿ ನೇಮಿಸಿದ ಹಾವನೂರು ಆಯೋಗ 1975ರಲ್ಲಿ ವರದಿ ಕೊಟ್ಟಾಗ ಹಿಂದುಳಿದ ಬುಡಕಟ್ಟುಗಳನ್ನು ಪ್ರತ್ಯೇಕ ವರ್ಗವಾಗಿ ಗುರುತಿಸಿತ್ತು. ಅದೇ ತಾಲ್ಲೂಕಿನಿಂದ ಈ ಸಣ್ಣ ಕೆಲಸವೂ ಶುರುವಾಗಬಹುದು. ಗ್ರಾಮ ಪಂಚಾಯಿತಿ ಸಂಗ್ರಹಕಾರರಿಗೆ ಫೋಟೊ ಇರುವ ಗುರುತಿನ ಚೀಟಿ ಮತ್ತು ಒಂದು ರಶೀದಿ ಪುಸ್ತಕ ಕೊಡಲಿ. ಈ ನೋಂದಣಿ ಯಾವ ಕಾರಣಕ್ಕೂ ಪೊಲೀಸ್ ಠಾಣೆಯಲ್ಲಿ ಆಗಬಾರದು. ಹಾಜರಿ ಪುಸ್ತಕದ ನೆನಪು ಆ ಕುಟುಂಬಗಳಲ್ಲಿ ಇನ್ನೂ ಹಸಿಯಾಗಿದೆ. ಓದಲು ಬಾರದವರಿಗಾಗಿ ಮಾಲಿನ ಚಿತ್ರ ಅಚ್ಚುಹಾಕಿದ ರಶೀದಿ ಸಾಕು.

ಪಂಚಾಯಿತಿ ಮಾಡುವವರೆಗೆ ಕಾಯಬೇಕಾಗಿಯೂ ಇಲ್ಲ. ಬಾಯಿಮಾತಿನ ಮಾರಾಟವನ್ನೂ 1930ರ ಸರಕು ಮಾರಾಟ ಕಾಯ್ದೆ ಒಪ್ಪುತ್ತದೆ, ಆದರೆ ದಾರಿಯಲ್ಲಿ ತಡೆದವರು ಬಾಯಿಮಾತನ್ನು ಒಪ್ಪುವುದಿಲ್ಲ. ಈ ನಾಲ್ಕು ತಾಲ್ಲೂಕುಗಳ ಓದುಗರಲ್ಲಿ ನನ್ನದೊಂದು ಕೋರಿಕೆ. ಮುಂದಿನ ಸಲ ಕೊಟ್ಟಿಗೆಯ ಚೀಲವನ್ನು ಬಂದವರ ಕೈಗೆ ಕೊಡುವಾಗ ಮಕ್ಕಳ ನೋಟ್‌ಬುಕ್ಕಿನ ಒಂದು ಹಾಳೆ ಹರಿದು, ಏನೇನು ಕೊಟ್ಟಿರಿ, ಎಷ್ಟು ತೂಕ, ಯಾವ ದಿನ ಎಂದು ಬರೆದು, ನಿಮ್ಮ ಹೆಸರು ಊರು ಹಾಕಿ ಸಹಿ ಮಾಡಿ ಅವರಿಗೆ ಕೊಡಿ.